ಹೊಸಬರು ಕೆಲಸ ಬಿಡುತ್ತಿದ್ದದ್ದು ಸಂಬಳಕ್ಕಲ್ಲ

ಮಂಗಳೂರಿನ ಬೈಕಂಪಾಡಿಯ ಒಂದು ಫ್ಯಾಕ್ಟರಿಯಲ್ಲಿ ನಾನು ಎಚ್‌ಆರ್ ನೋಡಿಕೊಳ್ಳುತ್ತೇನೆ. ಹೊಸಬರು ನಿಲ್ಲುತ್ತಲೇ ಇರಲಿಲ್ಲ. ಸಂಬಳ ಸಾಲದು ಅಂತ ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ.

ಬಿಟ್ಟವರ ಸಂಖ್ಯೆಯನ್ನು ಸರಾಸರಿ ಸಿಬ್ಬಂದಿಯಿಂದ ಭಾಗಿಸಿ 100ರಿಂದ ಗುಣಿಸಿದರೆ ಅಟ್ರಿಷನ್ ದರ, ಅಂದರೆ ನೂರಕ್ಕೆ ಎಷ್ಟು ಜನ ಕೆಲಸ ಬಿಟ್ಟರು ಅನ್ನುವುದು, ಸಿಗುತ್ತದೆ. ಆದರೆ ಆ ಒಂದೇ ಅಂಕಿ ಕಾರಣ ಹೇಳುವುದಿಲ್ಲ. ಹಾಗಾಗಿ 2 ವರ್ಷದ ಹಾಜರಿ ಪಟ್ಟಿಯನ್ನು ಎಕ್ಸೆಲ್‌ಗೆ ಹಾಕಿ, ಸೇರಿದ ದಿನ, ಬಿಟ್ಟ ದಿನ, ಶಿಫ್ಟ್, ಊರು, ಸಂಬಳ ಎಲ್ಲ ಬೇರೆ ಬೇರೆ ಕಾಲಂ ಮಾಡಿ ಪಿವಟ್ ಟೇಬಲ್ (ಗುಂಪು ಗುಂಪಾಗಿ ಲೆಕ್ಕ ತೋರಿಸುವ ಪಟ್ಟಿ) ಮಾಡಿದೆ. ಊರಿನ ಹೆಸರು ಸರಿಮಾಡಲಿಕ್ಕೇ ಮೂರು ಸಂಜೆ ಹೋಯಿತು, ಬಿ.ಸಿ.ರೋಡ್ ಒಂದನ್ನೇ ನಾಲ್ಕು ಥರ ಬರೆದಿದ್ದರು. ಮೊದಲು ಬಿಟ್ಟವರನ್ನು ಮಾತ್ರ ನೋಡಿದ್ದೆ, ಅದು ತಪ್ಪು. ಉಳಿದವರನ್ನೂ ಪಕ್ಕದಲ್ಲಿಟ್ಟು ಹೋಲಿಸಬೇಕು. ಇಲ್ಲದಿದ್ದರೆ ಜಾಸ್ತಿ ಜನ ಇರುವ ಊರೇ ಸುಮ್ನೆ ಕಾರಣದ ಹಾಗೆ ಕಾಣುತ್ತದೆ, ಅಲ್ವಾ?

ಸಂಬಳ ಒಂದೇ ಇದ್ದರೂ, ರಾತ್ರಿ 10ಕ್ಕೆ ಮುಗಿಯುವ ಶಿಫ್ಟ್‌ನಲ್ಲಿದ್ದ ದೂರದವರೇ ಮೊದಲ 90 ದಿನದಲ್ಲಿ ಹೆಚ್ಚು ಬಿಟ್ಟಿದ್ದರು. ಫೋನ್ ಮಾಡಿ ಕೇಳಿದೆ. ಆ ಹೊತ್ತಿಗೆ ಮನೆ ಕಡೆ ಬಸ್ ಸಿಗುವುದು ಕಷ್ಟ ಅಂದರು. ಶಿಫ್ಟ್ ಅರ್ಧ ಗಂಟೆ ಮುಂಚೆ ಮುಗಿಸಿ, ಒಂದು ವ್ಯಾನ್ ಇಟ್ಟೆವು. ಮಳೆಗಾಲದಲ್ಲಿ ಸೇರಿದ ಬ್ಯಾಚ್‌ನಿಂದ ಇಲ್ಲಿಯವರೆಗೆ ಬಿಟ್ಟದ್ದು ಒಬ್ಬರೇ, ಅವರೂ ಮದುವೆಯಾಗಿ ಕುಂದಾಪುರಕ್ಕೆ ಹೋದರು.