ಮಳೆಗಾಲದ ಮುಚ್ಚಿದ ಮನೆಯಲ್ಲಿ ಒಬ್ಬರ ಜ್ವರ ಎಲ್ಲರಿಗೂ ಅಂಟದಂತೆ ನೋಡಿಕೊಳ್ಳುವುದು ಹೇಗೆ?

ವೈರಸ್ ಅಂದರೆ ನಮ್ಮ ಮಲೆನಾಡಿನವರಿಗೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆ ಅದು. ಉಣುಗು ಕಚ್ಚಿದರೆ ಬರುತ್ತದೆ, ರೋಗಿಯ ಪಕ್ಕ ಕೂತರೆ ಬರುವುದಿಲ್ಲ. ಹಾಗಾಗಿ ಕಾಡಿಗೆ ಹೋಗುವಾಗ ಮೈಗೆ ಉಣುಗು ಓಡಿಸುವ ಎಣ್ಣೆ ಹಚ್ಚಿಕೊಂಡು, ಬಂದ ಮೇಲೆ ಬಿಸಿನೀರು ಹೊಯ್ದುಕೊಂಡರೆ ಅರ್ಧ ಭಯ ಕಳೆಯಿತು. ಕೊರೊನಾ, 2009ರ ಹಂದಿಜ್ವರ ಹಾಗಲ್ಲ. ಇವು ಕವಳ ಹಾಕಿ ಕಷ್ಟಸುಖ ಮಾತಾಡುವ ನೆಂಟರ ಉಸಿರಿನಲ್ಲೇ ಮನೆಯೊಳಗೆ ಬರುತ್ತವೆ.

2021ರಲ್ಲಿ ನಮ್ಮನೆಯಲ್ಲಿ ನಡೆದದ್ದು ಹೇಳುತ್ತೇನೆ. ಪೇಟೆಯಿಂದ ತಂದ ಬದನೆಕಾಯಿಯನ್ನೂ ಸೋಪಿನ ನೀರಿನಲ್ಲಿ ತೊಳೆದೆವು. ಸಂಜೆ ಜಡಿಮಳೆ. ಕಿಟಕಿ, ಬಾಗಿಲು ಎಲ್ಲ ಹಾಕಿಕೊಂಡು ಏಳು ಜನ ಒಂದೇ ಕೋಣೆಯಲ್ಲಿ ಟಿವಿ ನೋಡಿದೆವು. ಅತ್ತಿಗೆಗೆ ಸಣ್ಣ ಕೆಮ್ಮು ಇತ್ತು, ಅಷ್ಟೇ. ವಾರದೊಳಗೆ ಐದು ಜನ ಮಲಗಿದೆವು. ಬದನೆಕಾಯಿಯದ್ದೇನೂ ತಪ್ಪಿರಲಿಲ್ಲ.

ಮೊದಲು ಲೆಕ್ಕ ಹಾಕಿ

ಯಾರ ಜೊತೆ, ಎಷ್ಟು ಹೊತ್ತು, ಎಷ್ಟು ಹತ್ತಿರ, ಎಂಥ ಜಾಗದಲ್ಲಿ? ಕೇಳಿಕೊಳ್ಳಬೇಕಾದ್ದು ಇಷ್ಟೇ. ಅಡಿಕೆ ಸುಲಿಯುವುದನ್ನೇ ನೋಡಿ. ಅಂಗಳದ ಚಪ್ಪರದಲ್ಲಿ, ನಾಲ್ಕೂ ಕಡೆ ಗಾಳಿಯಾಡುವಲ್ಲಿ ದೂರ ದೂರ ಕೂತರೆ ಅಪಾಯ ಕಡಿಮೆ. ಅದೇ ಜನ ಚಳಿಯೆಂದು ಒಳಗೆ ಕದ ಹಾಕಿಕೊಂಡು, ಕತ್ತಿಯ ಸದ್ದಿನ ಮೇಲೆ ಜೋರು ದನಿಯಲ್ಲಿ ಮೂರು ತಾಸು ಹರಟಿದರೆ ಜಾಸ್ತಿ. ಮಾತು ಜೋರಾದಷ್ಟೂ ಬಾಯಿಂದ ಹೊರಬೀಳುವ ಸಣ್ಣ ಹನಿಗಳು ಹೆಚ್ಚು. ತೀರಾ ಸಣ್ಣವು ಕೆಳಗೆ ಬೀಳದೆ ಗಾಳಿಯಲ್ಲೇ ತೇಲುತ್ತಿರುತ್ತವೆ.

ಜ್ವರ ಬಂದ ಮೇಲೆ ದೂರ ಕೂತರಾಯ್ತು ಅನ್ನುವ ಹಾಗೂ ಇಲ್ಲ. ಕೊರೊನಾದಲ್ಲಿ ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ವೈರಸ್ ಹರಡಲು ಶುರುವಾಗಿರುತ್ತದೆ. ನಿಮಗೆ ಜ್ವರ ಬಂತಾ? ಹಿಂದಿನ ಎರಡು ದಿನ ಜೊತೆಗೆ ಕೂತವರಿಗೆ ಫೋನ್ ಮಾಡಿ ಹೇಳಿ. ಅದರಲ್ಲಿ ನಾಚಿಕೆ ಯಾಕೆ? ಅವರು ಎರಡರಿಂದ ಹದಿನಾಲ್ಕು ದಿನ ಮೈಮೇಲೆ ಎಚ್ಚರ ಇಟ್ಟಿರಬೇಕು. ಫ್ಲೂ ಆದರೆ ಒಂದರಿಂದ ನಾಲ್ಕು ದಿನದಲ್ಲೇ ಗೊತ್ತಾಗುತ್ತದೆ.

ಊದುಬತ್ತಿ ಹಚ್ಚಿ ಕೋಣೆ ಆರಿಸಿ

ರೋಗಿಗೆ ಕೋಣೆ ಕೊಡುವ ಮೊದಲು ಅಲ್ಲೊಂದು ಊದುಬತ್ತಿ ಹಚ್ಚಿ. ಹೊಗೆ ಎತ್ತ ಹೋಗುತ್ತದೆ ನೋಡಿ. ನಡುಮನೆಗೆ ಬಂದರೆ ರೋಗಿಯ ಉಸಿರೂ ನಡುಮನೆಗೇ ಬರುತ್ತದೆ. ಹಳೇ ಮನೆಗಳಲ್ಲಿ ಒಳಗೋಡೆ ಅಟ್ಟದವರೆಗೆ ಇರುವುದಿಲ್ಲ. ಬಾಗಿಲು ಹಾಕಿದರೂ ಹೊಗೆ ಮೇಲಿಂದ ದಾಟಿಬಿಡುತ್ತದೆ. ನಾವು ಎರಡು ಕೋಣೆ ಪರೀಕ್ಷೆ ಮಾಡಿ, ಕೊನೆಗೆ ಜಗಲಿ ಪಕ್ಕದ ಸಣ್ಣ ಕೋಣೆ ಆರಿಸಿದೆವು. ಹೊಗೆ ಕಿಟಕಿಯಿಂದ ನೇರ ಅಂಗಳಕ್ಕೆ ಹೋಗುವುದು ಕಣ್ಣಿಗೇ ಕಾಣುತ್ತಿತ್ತು.

ಎರಚಲು ಬಡಿಯದ ಕಡೆಯ ಕಿಟಕಿ ತೆರೆದಿಡಿ. ಒಂದು ಟೇಬಲ್ ಫ್ಯಾನ್ ಮುಖವನ್ನು ಕಿಟಕಿಯತ್ತ ತಿರುಗಿಸಿಟ್ಟರೆ ಗಾಳಿ ಹೊರಗೆ ಹೋಗುತ್ತದೆ. ಚಳಿಗೆ ಇನ್ನೊಂದು ಕಂಬಳಿ ಕೊಟ್ಟರಾಯ್ತು. ನೋಡಿಕೊಳ್ಳುವವರು ಒಬ್ಬರೇ ಇರಲಿ, ಒಳಗೆ ಹೋಗುವಾಗ ಇಬ್ಬರಿಗೂ ಮಾಸ್ಕ್ ಇರಲಿ. ಎನ್95 ಆದರೆ ಒಳ್ಳೆಯದು. ತಟ್ಟೆ ಲೋಟಕ್ಕೆ ಮಾಮೂಲಿ ಸೋಪು ಸಾಕು. ಬಚ್ಚಲು ಒಂದೇ ಇದ್ದರೆ ರೋಗಿಯ ಸ್ನಾನ ಕೊನೆಗೆ. ಕಷಾಯ ಗಂಟಲಿಗೆ ಹಿತ, ಕುಡಿಯಲಿ. ಆದರೆ ಅದು ವೈರಸ್ ಕೊಲ್ಲುವುದಿಲ್ಲ, ನಮ್ಮ ಅಮ್ಮ ಎಷ್ಟೇ ಕಾಳುಮೆಣಸು ಹಾಕಿದರೂ!

ಐದನೇ ದಿನದಿಂದ ಬೆರಳು ನೋಡಿ

ವೈರಸ್ ಮೂಗು, ಗಂಟಲಲ್ಲೇ ನಿಂತರೆ ಬಹಳಷ್ಟು ಜನ ವಾರದಲ್ಲಿ ಎದ್ದು ಓಡಾಡುತ್ತಾರೆ. ಕೆಲವರಿಗೆ ಮಾತ್ರ ಐದರಿಂದ ಹತ್ತನೇ ದಿನದ ನಡುವೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಅರವತ್ತು ದಾಟಿದವರು, ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ ಇದ್ದವರು, ಗರ್ಭಿಣಿಯರು ಹೆಚ್ಚು ಹುಷಾರಾಗಿರಬೇಕು. ಲಸಿಕೆ ಹಾಕಿಸಿಕೊಂಡವರಿಗೆ ಕಾಯಿಲೆ ಇಷ್ಟು ಬಲಿಯುವುದು ಕಡಿಮೆ.

ಕೊರೊನಾದಲ್ಲಿ ಒಂದು ಮೋಸ ಇದೆ. ಏದುಸಿರು ಬರುವ ಮೊದಲೇ ರಕ್ತದಲ್ಲಿ ಆಮ್ಲಜನಕ ಇಳಿದಿರಬಹುದು. ಮಾತಾಡುತ್ತಾ ಕಾಫಿ ಕುಡಿಯುತ್ತಿರುವವರ ಬೆರಳಿಗೆ ಆಕ್ಸಿಮೀಟರ್ ಹಾಕಿದರೆ 89 ತೋರಿಸಬಹುದು. ಆರೋಗ್ಯವಂತರಿಗೆ 95ರಿಂದ 100 ಇರುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಕೈ ಮಂಜುಗಡ್ಡೆ ಅಲ್ವಾ, ತಣ್ಣಗಿನ ಬೆರಳಿಗೆ ಲೆಕ್ಕ ತಪ್ಪುತ್ತದೆ. ಮೊದಲು ಕೈ ಉಜ್ಜಿ ಬಿಸಿ ಮಾಡಿಕೊಳ್ಳಲಿ, ಉಗುರುಬಣ್ಣ ಇದ್ದರೆ ಒರೆಸಿ. ಒಂದು ನಿಮಿಷ ಸುಮ್ನೆ ಕೂತ ಮೇಲೆ ಓದಿ, ಬರೆದಿಡಿ. 94ಕ್ಕಿಂತ ಕಡಿಮೆ ಬಂದರೆ ವೈದ್ಯರಿಗೆ ತಿಳಿಸಿ. 90ಕ್ಕಿಂತ ಕಡಿಮೆಯಾದರೆ, ಎದೆ ಹಿಡಿದುಕೊಂಡರೆ, ಮಾತು ತಡವರಿಸಿದರೆ ತಕ್ಷಣ ಹೊರಡಿ.

ಹೊರಡುವುದು ನಮಗೆ ಸುಲಭದ ಮಾತಲ್ಲ. ರಾತ್ರಿ ಮಂಜು, ರಸ್ತೆಗೆ ಅಡ್ಡ ಬಿದ್ದ ಮರ, 108ಕ್ಕೆ ಕರೆ ಮಾಡಲು ಗುಡ್ಡ ಹತ್ತಬೇಕಾದ ಸಿಗ್ನಲ್. ಹಾಗಾಗಿ ಮೊದಲ ದಿನವೇ ಯಾರ ಜೀಪು ಅಂತ ಮಾತಾಡಿಡಿ. ರೋಗಿ ನುಂಗುವ ಮಾತ್ರೆಗಳ ಚೀಟಿಯನ್ನು ಆಕ್ಸಿಮೀಟರ್ ಡಬ್ಬಿಯಲ್ಲೇ ಮಡಚಿಡಿ. ಕರೆಂಟ್ ಇದ್ದಾಗಲೇ ಎಲ್ಲರ ಫೋನೂ ಚಾರ್ಜ್ ಆಗಿರಲಿ.