ನನ್ನ ಡೀಸೆಲ್ ಕಾರಿಗೆ ಆಯಿಲ್ ಕ್ಯಾಚ್ ಕ್ಯಾನ್ ಹಾಕಿದ್ದು: ಮಲೆನಾಡಿನ ಒಂದು ಅನುಭವ

ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ಕಾರು ನಿಲ್ಲಿಸಿದಾಗ ಬಾನೆಟ್ ಕಡೆಯಿಂದ ಬಿಸಿ ಎಣ್ಣೆಯ ವಾಸನೆ ಬಂತು. ತೆಗೆದು ನೋಡಿದೆ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದಿಂದ, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಪೈಪಿನ ಜಾಯಿಂಟಿನಲ್ಲಿ ಎಣ್ಣೆ ಒಸರಿತ್ತು. ಅದರ ಮೇಲೆ ಧೂಳು ಕೂತು ಕಪ್ಪಗೆ ಮೆತ್ತಿಕೊಂಡಿತ್ತು. ನನ್ನದು 2016ರ 1.5 ಲೀಟರ್ ಟರ್ಬೊ ಡೀಸೆಲ್, ಆಗ 1,10,000 ಕಿ.ಮೀ. ಓಡಿತ್ತು. ಟರ್ಬೊ ಹೋಯಿತು ಅಂತಲೇ ಅಂದುಕೊಂಡೆ. ಆಲ್ದೂರಿನ ಹತ್ತಿರದ ನಮ್ಮ ಮನೆ ತಲುಪುವವರೆಗೂ ಅದೇ ಯೋಚನೆ.

ಮರುದಿನ ಚಿಕ್ಕಮಗಳೂರಿನಲ್ಲಿ ನಮ್ಮ ಖಾಯಂ ಮೆಕ್ಯಾನಿಕ್ ಭಾಯ್ ಹತ್ತಿರ ಹೋದೆ. ಅವರು ಪೈಪ್ ಬಿಚ್ಚಿ ಟರ್ಬೊದ ಶಾಫ್ಟನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಿದರು. “ಟರ್ಬೊ ಗಟ್ಟಿ ಇದೆ ಸಾರ್. ಇದು ಬ್ರೀದರ್ ಎಣ್ಣೆ” ಅಂದರು. ಆಮೇಲೆ, ಉರಿದ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಎಂಜಿನ್ನಿಗೇ ಕಳಿಸುವ ಇಜಿಆರ್ ವಾಲ್ವ್ ಬಿಚ್ಚಿ, ಸಿಲಿಂಡರುಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡಿನ ಬಾಯಿ ತೋರಿಸಿದರು. ಒಳಗೆ ಟಾರು ಬಳಿದ ಹಾಗಿತ್ತು. ಗಾಳಿ ಹೋಗುವ ದಾರಿ ಅರ್ಧಕ್ಕರ್ಧ ಮುಚ್ಚಿಹೋಗಿತ್ತು. ಕೆಲವು ತಿಂಗಳಿಂದ ಏರಿನಲ್ಲಿ ಪಿಕಪ್ ಕಡಿಮೆ ಅನ್ನಿಸುತ್ತಿದ್ದುದು ಯಾಕೆ ಅಂತ ಆಗ ಗೊತ್ತಾಯಿತು.

ಆ ಟಾರು ಹೇಗೆ ಹುಟ್ಟುತ್ತದೆ ಅನ್ನುವುದು ಅರ್ಥವಾದರೆ ಮುಂದಿನದೆಲ್ಲ ಸುಲಭ. ಸಿಲಿಂಡರಿನಲ್ಲಿ ಡೀಸೆಲ್ ಉರಿದಾಗ ಸ್ವಲ್ಪ ಹೊಗೆ ಪಿಸ್ಟನ್ ರಿಂಗ್ ಸಂದಿಯಿಂದ ಕೆಳಗೆ ನುಗ್ಗುತ್ತದೆ. ಹೊಸ ಎಂಜಿನ್ನಿನಲ್ಲೂ ಇದು ಇದ್ದದ್ದೇ. ಆ ಹೊಗೆ ಹೊರಗೆ ಹೋಗದಿದ್ದರೆ ಒಳಗೆ ಒತ್ತಡ ಏರಿ ಆಯಿಲ್ ಸೀಲುಗಳು ಸೋರುತ್ತವೆ. ಅದಕ್ಕೇ ಎಂಜಿನ್ನಿನ ತಲೆಯ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರಿನ ಮೇಲೆ, ಹೊಗೆ ಹೊರಹೋಗಲು ಒಂದು ಬ್ರೀದರ್ ಪೈಪ್ ಇರುತ್ತದೆ. ಟರ್ಬೊ ಡೀಸೆಲ್ಲಿನಲ್ಲಿ ಅದು ಸಾಮಾನ್ಯವಾಗಿ ಏರ್ ಫಿಲ್ಟರಿಗೂ ಟರ್ಬೊಗೂ ನಡುವಿನ ಪೈಪಿಗೆ ಸೇರುತ್ತದೆ. ಹೊಗೆಯ ಜೊತೆ ಎಂಜಿನ್ ಎಣ್ಣೆಯ ಸಣ್ಣ ಸಣ್ಣ ಹನಿಗಳೂ ಹೋಗುತ್ತವೆ. ಟರ್ಬೊ, ಇಂಟರ್‌ಕೂಲರ್ ದಾಟಿ ಮ್ಯಾನಿಫೋಲ್ಡಿಗೆ ಬರುವಾಗ ಇಜಿಆರ್‌ನಿಂದ ಬಂದ ಮಸಿ ಎದುರಾಗುತ್ತದೆ. ಒಣ ಮಸಿ ಅಷ್ಟಾಗಿ ಅಂಟುವುದಿಲ್ಲ. ಎಣ್ಣೆಯಲ್ಲಿ ಕಲಸಿದ ಮಸಿ ಬಿಡುವುದೇ ಇಲ್ಲ. ಈ ಎಣ್ಣೆ ಹನಿಗಳನ್ನು ನಡುದಾರಿಯಲ್ಲಿ ಹಿಡಿಯುವ ಡಬ್ಬಿಯೇ ಕ್ಯಾಚ್ ಕ್ಯಾನ್. ಮಸಿಯನ್ನು ಅದು ತಡೆಯುವುದಿಲ್ಲ, ಮಸಿ ಮೆತ್ತುವ ಅಂಟನ್ನು ಕಡಿಮೆ ಮಾಡುತ್ತದೆ, ಅಷ್ಟೇ.

ಪೆಟ್ರೋಲ್ ಕಾರಿನವರಿಗೆ ಒಂದು ಮಾತು. ಇಂಜೆಕ್ಟರ್ ಇಂಟೇಕ್ ಪೋರ್ಟಿನಲ್ಲೇ ಪೆಟ್ರೋಲ್ ಚಿಮ್ಮಿಸುವ ಮಾಮೂಲಿ ಎಂಜಿನ್ನಿನಲ್ಲಿ ವಾಲ್ವಿನ ಬೆನ್ನು ತಾನಾಗಿಯೇ ತೊಳೆದುಕೊಳ್ಳುತ್ತಾ ಇರುತ್ತದೆ. ಅಂಥ ಕಾರಿಗೆ ಇದಕ್ಕೆ ದುಡ್ಡು ಹಾಕಿ ಅಂತ ನಾನು ಹೇಳುವುದಿಲ್ಲ. ಪೆಟ್ರೋಲ್ ನೇರವಾಗಿ ಸಿಲಿಂಡರಿಗೇ ಹೋಗುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ಆದರೆ ವಾಲ್ವನ್ನು ತೊಳೆಯಲು ಏನೂ ಇರುವುದಿಲ್ಲ. ಅಲ್ಲಿ ಈ ಡಬ್ಬಿಗೆ ಅರ್ಥ ಇದೆ.

ಡಬ್ಬಿ ಕೊಳ್ಳುವ ಮೊದಲು ಎಂಜಿನ್ ಆರೋಗ್ಯ ನೋಡಲೇಬೇಕು. ಭಾಯ್ ಹೇಳಿದ ಹಾಗೆ ಎಂಜಿನ್ ಬಿಸಿ ಮಾಡಿ, ಐಡಲಿನಲ್ಲಿ ಬಿಟ್ಟು, ಎಣ್ಣೆ ಹಾಕುವ ಕ್ಯಾಪನ್ನು ಬಿಚ್ಚಿ ಅದೇ ಬಾಯಿಯ ಮೇಲೆ ತಲೆಕೆಳಗಾಗಿ ಇಟ್ಟೆ. ಸ್ವಲ್ಪ ನಡುಗಿತು, ಕೂತೇ ಇತ್ತು. ಹಾರಿ ಬಿದ್ದಿದ್ದರೆ, ಇಲ್ಲವೇ ಹೊಗೆ ಬುಸುಬುಸು ಬಂದಿದ್ದರೆ, ರಿಂಗ್ ಸವೆದಿವೆ ಅಂತ ಅನುಮಾನ ಪಡಬೇಕು. ಅಂಥ ಎಂಜಿನ್ನಿಗೆ ಕ್ಯಾನ್ ಹಾಕಿದರೆ ಕಾಯಿಲೆ ಮುಚ್ಚಿಟ್ಟ ಹಾಗೆ. ಡಿಪ್‌ಸ್ಟಿಕ್ಕನ್ನೂ ನೋಡಿದೆವು. ಹಿಂದಿನ ಸರ್ವೀಸಿನಲ್ಲಿ ಯಾರೋ ಎಣ್ಣೆಯನ್ನು ಮೇಲಿನ ಗೆರೆ ದಾಟಿಸಿ ಹಾಕಿದ್ದರು. ಎಣ್ಣೆ ಜಾಸ್ತಿಯಾದರೆ ಎಂಜಿನ್ನಿನ ಕೆಳಗೆ ಸುತ್ತುವ ಕ್ರ್ಯಾಂಕ್ ಅದನ್ನು ಕಡೆಯುತ್ತದೆ, ಬ್ರೀದರಿಗೆ ಹನಿ ಜಾಸ್ತಿ ಹೋಗುತ್ತದೆ. ಗೆರೆಗೆ ಸರಿಯಾಗಿ ಇಳಿಸಿದೆವು. ಮ್ಯಾನಿಫೋಲ್ಡ್ ಬಿಚ್ಚಿ ತೊಳೆಯಲು ಒಂದೂವರೆ ದಿನ ಹಿಡಿಯಿತು.

ಮೊದಲು ನಾನು ತರಿಸಿದ ಡಬ್ಬಿ ನೋಡಲು ಚೆನ್ನಾಗಿತ್ತು. ಹೊಳೆಯುವ ಅಲ್ಯೂಮಿನಿಯಂ, 1,200 ರೂಪಾಯಿ. ಬಿಚ್ಚಿ ನೋಡಿದರೆ ಒಳಗೆ ಏನೂ ಇಲ್ಲ, ಖಾಲಿ ಚೊಂಬಿನ ಹಾಗೆ. ಹೊಗೆ ಒಂದು ತೂತಿನಿಂದ ಬಂದು ಇನ್ನೊಂದರಿಂದ ನೆಟ್ಟಗೆ ಹೊರಟುಹೋಗುತ್ತದೆ. ಹನಿ ಯಾಕೆ ನಿಲ್ಲಬೇಕು? ಹೊಗೆ ತಡೆಗೆ ಬಡಿದು, ದಿಕ್ಕು ಬದಲಿಸಿ, ಜಾಲರಿಯ ಮೂಲಕ ನುಸುಳಿದರೆ ಮಾತ್ರ ಹನಿ ಹನಿ ಸೇರಿ ಕೆಳಗೆ ಇಳಿಯುತ್ತದೆ. ಪಾತ್ರೆ ತಿಕ್ಕುವ ಸ್ಟೀಲ್ ಉಲ್ಲನ್ ತುಂಬಿಸಿ ಅಂತ ಪರಿಚಯದವರೊಬ್ಬರು ಹೇಳಿದರು. ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಅದರ ಎಳೆಗಳು ಕಿತ್ತು ಬಂದರೆ ಮುಂದೆ ಇರುವುದು ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಟರ್ಬೊ ಚಕ್ರ.

ಅದಕ್ಕಿಂತ ದೊಡ್ಡ ತೊಂದರೆ ತೂತಿನದು. ನನ್ನ ಕಾರಿನ ಬ್ರೀದರ್ ಪೈಪಿನ ಒಳಅಳತೆ 19 ಮಿ.ಮೀ. ಆ ಡಬ್ಬಿಯಲ್ಲಿ ಪೈಪ್ ಸಿಕ್ಕಿಸುವ ಮೂತಿ, ಅಂದರೆ ನಿಪ್ಪಲ್, ಒಳಗೆ 10 ಮಿ.ಮೀ. ಕೇಳಲು ಅರ್ಧದಷ್ಟು ಅನ್ನಿಸುತ್ತದೆ. ಆದರೆ ಗಾಳಿ ಹೋಗುವ ಜಾಗ ಲೆಕ್ಕ ಹಾಕಿದರೆ ಮೊದಲಿದ್ದುದರ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಇದು ನಿಜವಾಗಿ ಎಷ್ಟು ಕೆಟ್ಟದು ಅಂತ ಕಣ್ಣಾರೆ ನೋಡಬೇಕು ಅನ್ನಿಸಿತು.

ಮನೆಯಲ್ಲಿ ಗಾರೆ ಕೆಲಸ ನಡೆಯುತ್ತಿತ್ತು. ಮೇಸ್ತ್ರಿ ಹತ್ತಿರ ನೀರು ತುಂಬಿಸಿ ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪ್ ಇತ್ತು, ಅದನ್ನೇ ಕೇಳಿ ತಂದೆ. ಡಿಪ್‌ಸ್ಟಿಕ್ ತೆಗೆದು, ಆ ನಳಿಕೆಗೆ ಪೈಪಿನ ಒಂದು ತುದಿಯನ್ನು ಗಾಳಿ ಹೋಗದ ಹಾಗೆ ಬಿಗಿದೆ. ಪೈಪನ್ನು ನೆಲದವರೆಗೂ ಇಳಿಬಿಟ್ಟು ಮತ್ತೆ ಮೇಲೆ ಎತ್ತಿ ಕಟ್ಟಿದೆ. ತಳದಲ್ಲಿ ಒಂದಿಷ್ಟು ನೀರು. ಪೈಪ್ ಉದ್ದ ಇರಲೇಬೇಕು, ನೀರು ಸ್ವಲ್ಪವೇ ಇರಬೇಕು. ಎಂಜಿನ್ ಎಳೆದರೂ ನೀರು ಒಳಗೆ ಹೋಗಬಾರದು.

ಕಂಪನಿಯ ಪೈಪ್ ಇದ್ದಾಗ 2,500 ಆರ್‌ಪಿಎಂನಲ್ಲಿ ನೀರಿನ ಎರಡು ಮಟ್ಟಗಳ ವ್ಯತ್ಯಾಸ 15 ಮಿ.ಮೀ. ಬಂತು, ಎಂಜಿನ್ ಕಡೆಗೆ. ಅಂದರೆ ಒಳಗೆ ಸ್ವಲ್ಪ ಸೆಳೆತ ಇದೆ, ಹಾಗೇ ಇರಬೇಕು. 10 ಮಿ.ಮೀ. ನಿಪ್ಪಲಿನ ಡಬ್ಬಿ ಸಿಕ್ಕಿಸಿ ಅದೇ ವೇಗಕ್ಕೆ ಏರಿಸಿದೆ. ನೀರು ಈಗ ಹೊರಗಡೆಗೆ 40 ಮಿ.ಮೀ. ತಳ್ಳಿಕೊಂಡು ಬಂತು. ಸೆಳೆತ ಹೋಗಿ ಒತ್ತಡ ಬಂದಿತ್ತು. ಇದು ಮನೆ ಅಂಗಳದಲ್ಲಿ, ಭಾರವಿಲ್ಲದೆ. ಘಾಟಿಯಲ್ಲಿ ತುಂಬಿದ ಕಾರು ಸೆಕೆಂಡ್ ಗೇರಿನಲ್ಲಿ ಹತ್ತುವಾಗ ರಿಂಗ್ ದಾಟುವ ಹೊಗೆ ಇನ್ನೂ ಜಾಸ್ತಿ. ಆ ಡಬ್ಬಿಯನ್ನು ಅವತ್ತೇ ಬಿಚ್ಚಿಟ್ಟೆ.

ಎರಡನೆಯ ಡಬ್ಬಿಗೆ 4,600 ರೂಪಾಯಿ ಆಯಿತು. ಬಾಯಿ 19 ಮಿ.ಮೀ., ಒಳಗೆ ತಡೆತಟ್ಟೆ, ಸ್ಟೀಲ್ ಜಾಲರಿಯ ಗಟ್ಟಿ ಪೊಟ್ಟಣ, ಬಿಚ್ಚಿ ತೊಳೆಯುವ ಹಾಗೆ. ತಳದಲ್ಲಿ ಬಾಲ್ ವಾಲ್ವ್ ನಲ್ಲಿ. ಮಟ್ಟ ನೋಡಲು ಸಣ್ಣ ಕಡ್ಡಿ. ಮೇಲೆ ಪುಟ್ಟ ಫಿಲ್ಟರ್ ಹಾಕಿ ಹೊಗೆಯನ್ನು ಸುಮ್ನೆ ಹೊರಗೆ ಬಿಡುವ ಡಬ್ಬಿಗಳೂ ಸಿಗುತ್ತವೆ. ನನಗೆ ಅವು ಬೇಡ. ಆ ಹೊಗೆ ವಿಷ, ಎಸಿ ಹಾಕಿದರೆ ಒಳಗೇ ವಾಸನೆ ಬರುತ್ತದೆ, ಗಾಳಿಯನ್ನೂ ಕೆಡಿಸುತ್ತದೆ. ಮೊದಲು ಬ್ರೀದರ್ ಸೇರುತ್ತಿದ್ದ ಇಂಟೇಕ್ ಪೈಪಿನ ತೂತು ಮುಚ್ಚದೆ ಉಳಿದರೆ ಫಿಲ್ಟರ್ ಆಗದ ಧೂಳು ನೇರ ಟರ್ಬೊಗೆ. ಹೊಗೆ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಮರಳಿ ಹೋಗಬೇಕು.

ಹೋಸ್ ವಿಷಯದಲ್ಲಿ ಹಾಸನದ ಹೈಡ್ರಾಲಿಕ್ ಹೋಸ್ ಅಂಗಡಿಯವರು ತುಂಬಾ ಸಹಾಯ ಮಾಡಿದರು. ನಾನು ರೇಡಿಯೇಟರ್ ಹೋಸ್ ಕೇಳಿದ್ದೆ. “ಅದು ನೀರಿಗೆ ಸಾರ್, ಎಣ್ಣೆಗೆ ಊದಿಕೊಳ್ಳುತ್ತೆ” ಅಂದರು. ನಿಜ. ರೇಡಿಯೇಟರಿಗೆ ಬಳಸುವ ಇಪಿಡಿಎಂ ರಬ್ಬರ್ ಎಣ್ಣೆ ಕುಡಿದು ಮೆತ್ತಗಾಗುತ್ತದೆ. ಬಣ್ಣಬಣ್ಣದ ಬರೀ ಸಿಲಿಕೋನ್ ಹೋಸ್ ಕೂಡ ಎಣ್ಣೆಗೆ ಬೆವರುತ್ತದೆ. ನೂಲು ಹೆಣೆದ ನೈಟ್ರೈಲ್ ರಬ್ಬರ್ ಹೋಸ್ 19 ಮಿ.ಮೀ.ನದು, ಒಂದೂವರೆ ಮೀಟರ್ ತಂದೆ. ಬೆರಳಲ್ಲಿ ಹಿಂಡಿದರೆ ಚಪ್ಪಟೆ ಆಗದಷ್ಟು ಗಟ್ಟಿ ಇರಬೇಕು, ಟರ್ಬೊ ಕಡೆಯ ಸೆಳೆತಕ್ಕೆ ಅದು ಕುಗ್ಗಬಾರದು.

ಜಾಗ ಹುಡುಕಲು ಅರ್ಧ ದಿನ ಹೋಯಿತು. ಟರ್ಬೊ, ಎಕ್ಸಾಸ್ಟ್ ಹತ್ತಿರ ಬೇಡವೇ ಬೇಡ. ಅಲ್ಲಿ ಹೋಸ್ ಸುಟ್ಟರೆ ಎಣ್ಣೆ ಬಿಸಿ ಕಬ್ಬಿಣದ ಮೇಲೆ ಬೀಳುತ್ತದೆ. ಬ್ಯಾಟರಿಯ ಪಕ್ಕ ಫೆಂಡರಿನ ಒಳಮೈಯಲ್ಲಿ ಗಾಳಿ ಆಡುವ ಜಾಗ ಸಿಕ್ಕಿತು. ಬ್ಯಾಟರಿಯ ಪ್ಲಸ್ ಟರ್ಮಿನಲ್ಲಿಗೆ ಅಲ್ಯೂಮಿನಿಯಂ ಡಬ್ಬಿ ತಾಗದ ಹಾಗೆ ನಡುವೆ ನಾಲ್ಕು ಬೆರಳು ಬಿಟ್ಟೆ. ಬಾನೆಟ್ ಮುಚ್ಚಿದರೆ ತಾಗುತ್ತದೋ ಇಲ್ಲವೋ ನೋಡಲು ಡಬ್ಬಿಯ ತಲೆಯ ಮೇಲೆ ಚಪಾತಿ ಹಿಟ್ಟಿನ ದೊಡ್ಡ ಉಂಡೆ ಇಟ್ಟು ಬಾನೆಟ್ ಹಾಕಿ ತೆಗೆದೆ. ಉಂಡೆ 30 ಮಿ.ಮೀ. ದಪ್ಪಕ್ಕೆ ನಿಂತಿತ್ತು. ಸಾಕು. ವೆಲ್ಡಿಂಗ್ ಅಂಗಡಿಯಲ್ಲಿ 3 ಮಿ.ಮೀ. ಕಬ್ಬಿಣದ ಪಟ್ಟಿ ಬಗ್ಗಿಸಿ ಬ್ರಾಕೆಟ್ ಮಾಡಿಸಿದೆ. ರೆಡ್ ಆಕ್ಸೈಡ್ ಬಳಿದು, ಫೆಂಡರಿನಲ್ಲಿ ಮೊದಲೇ ಇದ್ದ ಎರಡು ಬೋಲ್ಟಿಗೆ ಬಿಗಿದೆ. ಹೊಸ ತೂತು ಕೊರೆಯಲಿಲ್ಲ. ಕಂಪನಿಯ ಬ್ರೀದರ್ ಪೈಪನ್ನು ಕತ್ತರಿಸದೆ ಹಾಗೇ ಎತ್ತಿಟ್ಟಿದ್ದೇನೆ. ವಾರಂಟಿ ಮುಗಿದಿತ್ತು. ಮುಗಿಯದವರು ಮೊದಲು ವಾರಂಟಿ ಪತ್ರ ಓದಲಿ.

ಹೋಸ್ ಎಳೆಯುವಾಗ ಒಂದೇ ನಿಯಮ: ನಡುವೆ ಹೊಟ್ಟೆ ಬಿಡಬಾರದು. ಟ್ಯಾಪೆಟ್ ಕವರಿನಿಂದ ಡಬ್ಬಿಯವರೆಗೆ ಒಂದೇ ಸಮ ಇಳಿಜಾರು ಇರಬೇಕು. ಜೋತುಬಿದ್ದ ಕಡೆ ನೀರೂ ಎಣ್ಣೆಯೂ ನಿಂತು ದಾರಿ ಕಟ್ಟುತ್ತದೆ. ಎಂಜಿನ್ ಅಲುಗಾಡುತ್ತದೆ, ಡಬ್ಬಿ ಬಾಡಿಯ ಮೇಲಿದೆ. ಅದಕ್ಕೆ ಬೇಕಾದಷ್ಟು ಸಡಿಲವೂ ಇರಬೇಕು. ಒಳಬಾಯಿ, ಹೊರಬಾಯಿ ಅದಲುಬದಲಾಗದ ಹಾಗೆ ಎರಡಕ್ಕೂ ಟೇಪ್ ಸುತ್ತಿ ಗುರುತು ಮಾಡಿದೆ. ಎಲ್ಲ ಮುಗಿದ ಮೇಲೆ ಮತ್ತೆ ಲೆವೆಲ್ ಪೈಪ್ ಹಚ್ಚಿದೆ. 2,500ರಲ್ಲಿ ಎಂಜಿನ್ ಕಡೆಗೆ 10 ಮಿ.ಮೀ. ಸೆಳೆತ ಉಳಿದಿತ್ತು. ಮನಸ್ಸಿಗೆ ನೆಮ್ಮದಿ ಆಯಿತು.

ಫೆಬ್ರವರಿಯಲ್ಲಿ ಹಾಕಿದ್ದು. ಮೊದಲ 1,000 ಕಿ.ಮೀ.ಗೆ ಸಿಕ್ಕಿದ್ದು 12 ಮಿ.ಲೀ. ಕಪ್ಪು ಎಣ್ಣೆ. ಮಾರ್ಚ್, ಏಪ್ರಿಲ್ ಹೆಚ್ಚುಕಡಿಮೆ ಅಷ್ಟೇ. ಜುಲೈನಲ್ಲಿ ನಲ್ಲಿ ತಿರುಗಿಸಿದರೆ ಹಾಲು ಹಾಕಿದ ಕಾಫಿಯ ಬಣ್ಣದ್ದು ಸುರಿಯಿತು, 60 ಮಿ.ಲೀ. ಎದೆ ಧಸಕ್ ಅಂತು. ಹೆಡ್ ಗ್ಯಾಸ್ಕೆಟ್ ಹೋದರೂ ಎಣ್ಣೆಗೆ ನೀರು ಬೆರೆತು ಹೀಗೇ ಕಾಣುತ್ತದಲ್ಲ. ಡಿಪ್‌ಸ್ಟಿಕ್ ಎಳೆದೆ, ಎಣ್ಣೆ ಎಂದಿನ ಹಾಗೆ ಕಪ್ಪಗಿತ್ತು. ಕೂಲೆಂಟ್ ಡಬ್ಬಿಯ ಮಟ್ಟಕ್ಕೆ ಪೆನ್ನಿನಲ್ಲಿ ಗೆರೆ ಹಾಕಿ ಎರಡು ವಾರ ನೋಡಿದೆ, ಇಳಿಯಲಿಲ್ಲ. ಗಾಜಿನ ಬಾಟಲಿಯಲ್ಲಿ ಇಟ್ಟಿದ್ದು ಮೂರು ದಿನಕ್ಕೆ ಬೇರೆ ಬೇರೆ ಆಯಿತು. ಮುಕ್ಕಾಲು ಪಾಲು ಕೆಳಗೆ ನೀರು.

ಆ ನೀರು ಮಳೆಯದಲ್ಲ. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಿಂದ ಹೋಗುತ್ತದೆ, ಒಂದು ಚೂರು ರಿಂಗ್ ದಾಟಿ ಬ್ರೀದರಿಗೆ ಬರುತ್ತದೆ. ಎಂಜಿನ್, ಡಬ್ಬಿ ಎರಡೂ ತಣ್ಣಗಿದ್ದರೆ ಅಲ್ಲೇ ಹನಿಗಟ್ಟುತ್ತದೆ. ಮಳೆಗಾಲದಲ್ಲಿ ನನ್ನ ಓಡಾಟ ತೋಟದಿಂದ ಆಲ್ದೂರಿಗೆ, ಮತ್ತೆ ವಾಪಸ್. ಎಂಜಿನ್ ಸರಿಯಾಗಿ ಕಾಯುವುದರೊಳಗೆ ಕೀ ತೆಗೆದಾಗಿರುತ್ತದೆ. ಅದೇ ತಿಂಗಳು ಬೆಂಗಳೂರಿಗೆ ಹೋಗಿಬಂದ ಮೇಲೆ ನೋಡಿದರೆ ನೀರು ಬಹಳ ಕಡಿಮೆ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಡಬ್ಬಿ ತುಂಬಿ ಉಕ್ಕಿದರೆ ಅಷ್ಟೂ ಒಂದೇ ಸಲ ಟರ್ಬೊ ಕಡೆಗೆ ಎಳೆದುಕೊಂಡು ಹೋಗಬಹುದು. ಡೀಸೆಲ್ ಎಂಜಿನ್ ತನ್ನ ಎಣ್ಣೆಯನ್ನೇ ಉರಿಸಿಕೊಂಡು ಓಡಲು ಶುರುಮಾಡಿದರೆ ಕೀ ತೆಗೆದರೂ ನಿಲ್ಲುವುದಿಲ್ಲ. ಬಯಲುಸೀಮೆಯವರು 2,000 ಕಿ.ಮೀ.ಗೊಮ್ಮೆ ಖಾಲಿ ಮಾಡಿದರೂ ನಡೆಯಬಹುದು. ನಾನು ಬೇಸಿಗೆಯಲ್ಲಿ 1,000ಕ್ಕೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಮತ್ತು ಡಿಸೆಂಬರ್ ಚಳಿಯಲ್ಲಿ 500ಕ್ಕೆ ನಲ್ಲಿ ತಿರುಗಿಸುತ್ತೇನೆ.

ತೆಗೆದದ್ದನ್ನು ಮತ್ತೆ ಎಂಜಿನ್ನಿಗೆ ಹಾಕಬಾರದು, ಅದರಲ್ಲಿ ನೀರೂ ಆಮ್ಲವೂ ಇರುತ್ತದೆ. ನೆಲಕ್ಕೂ ಸುರಿಯಬಾರದು. ನಮ್ಮ ಕಡೆಯ ನೀರೆಲ್ಲ ಹಳ್ಳಕ್ಕೆ, ಹಳ್ಳ ಹೊಳೆಗೆ. ಒಂದು ಕ್ಯಾನಿನಲ್ಲಿ ಕೂಡಿಟ್ಟು ಭಾಯ್ ಗ್ಯಾರೇಜಿನ ವೇಸ್ಟ್ ಆಯಿಲ್ ಡ್ರಮ್ಮಿಗೆ ಹಾಕುತ್ತೇನೆ.

ಮೈಲೇಜ್ ಜಾಸ್ತಿ ಆಗಲಿಲ್ಲ. ಪಿಕಪ್ ಮರಳಿದ್ದು ಮ್ಯಾನಿಫೋಲ್ಡ್ ತೊಳೆದಿದ್ದಕ್ಕೆ, ಡಬ್ಬಿಯಿಂದಲ್ಲ. 18,000 ಕಿ.ಮೀ. ಆದ ಮೇಲೆ ಇಜಿಆರ್ ಮತ್ತೆ ಬಿಚ್ಚಿಸಿ ನೋಡಿದೆ. ಮಸಿ ಇತ್ತು, ಆದರೆ ತೆಳುವಾಗಿ, ಒಣಗಿ. ಭಾಯ್ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದರು, ಪುಡಿಯಾಗಿ ಉದುರಿತು. ಇಂಟರ್‌ಕೂಲರ್ ಪೈಪಿನ ಒಳಗೆ ಬಿಳಿ ಬಟ್ಟೆ ಆಡಿಸಿದಾಗ ಎಣ್ಣೆಯ ತೆಳು ಪಸೆ ಹತ್ತಿತು, ಹನಿ ತೊಟ್ಟಿಕ್ಕಲಿಲ್ಲ. “ನನ್ನ ಪಿಕಪ್ ವ್ಯಾನಿಗೂ ಒಂದು ತರಿಸಿಕೊಡಿ ಸಾರ್” ಅಂದರು ಭಾಯ್. ಅವರ ವ್ಯಾನಿನ ಬ್ರೀದರ್ ಅಳೆದೆವು, 22 ಮಿ.ಮೀ. ಇದೆ. ಅಷ್ಟು ಅಗಲ ಬಾಯಿಯ ಡಬ್ಬಿ ಹುಡುಕುತ್ತಿದ್ದೇನೆ.