ಹೊಸ ಥ್ರಿಪ್ಸ್‌ಗೆ ಹೆಸರಿಡುವ ಮುಂಚೆ

ಕೈಯಲ್ಲಿರುವ ಥ್ರಿಪ್ಸ್ ಅನ್ನೋ ಪುಟ್ಟ ಕೀಟ ಯಾವ ಗುರುತಿನ ಕೀಲಿಗೂ (ಲಕ್ಷಣ ನೋಡುತ್ತಾ ಪ್ರಭೇದ ಕಂಡುಹಿಡಿಯುವ ಪಟ್ಟಿ) ಹೊಂದುತ್ತಿಲ್ಲವಾ? ಇನ್ನೂ ಕುಣಿಯಬೇಡಿ. ಹೆಸರು ಪಡೆದ ಥ್ರಿಪ್ಸ್ ಪ್ರಭೇದಗಳು ಆಗಲೇ 6,000ಕ್ಕಿಂತ ಜಾಸ್ತಿ ಇವೆ. ನಿಮ್ಮದು ಅವುಗಳಲ್ಲಿ ಯಾವುದೂ ಅಲ್ಲ ಅಂತ ತೋರಿಸುವುದೇ ದೊಡ್ಡ ಕೆಲಸ. ಹೆಸರಿಡುವುದಕ್ಕೆ ಒಂದು ಸಂಜೆ ಸಾಕು.

ಮೊದಲು ಸಾಕಷ್ಟು ಹುಳ ಹಿಡಿಯಿರಿ. ಬಿಳಿ ತಟ್ಟೆ ಕೆಳಗಿಟ್ಟು ಕೊಂಬೆಗೆ ಬಡಿದರೆ ಉದುರುತ್ತವೆ, ಒದ್ದೆ ಮಾಡಿದ ಸಣ್ಣ ಬ್ರಶ್ಶಿನ ತುದಿಯಿಂದ ಎತ್ತಿಕೊಳ್ಳಿ. ಹೆಚ್ಚಿನವು ಒಂದೆರಡು ಮಿಲಿಮೀಟರ್ ಉದ್ದ ಅಷ್ಟೇ, ಆದರೆ ಓಡುವುದು ಜೋರು. ಒಂದೇ ಹೆಣ್ಣು ಸಿಕ್ಕಿತು ಅಂತ ಮನೆಗೆ ಹೋಗಬೇಡಿ, ಗಂಡು ಬೇಕು, ಮರಿಗಳೂ ಬೇಕು. ಮರಿ ಸಿಕ್ಕರೆ ಮಾತ್ರ ಅದು ಆ ಗಿಡದಲ್ಲಿ ಬೆಳೆಯುತ್ತದೆ ಅನ್ನಬಹುದು, ಯಾಕಂದರೆ ರೆಕ್ಕೆ ಇರುವವು ಗಾಳಿಯಲ್ಲಿ ತೇಲಿ ಬಂದು ಎಲ್ಲಿ ಬೇಕಾದರೂ ಕೂರುತ್ತವೆ. 60 ಶೇಕಡಾ ಆಲ್ಕೋಹಾಲ್ 10 ಪಾಲು, ಗ್ಲಿಸರಿನ್ 1 ಪಾಲು, ಅಸಿಟಿಕ್ ಆಮ್ಲ 1 ಪಾಲು ಬೆರೆಸಿದ ದ್ರವದಲ್ಲಿ ಹಾಕಿದರೆ ಮೈ ಮೆತ್ತಗಿರುತ್ತದೆ. ನೇರ ಗಟ್ಟಿ ಆಲ್ಕೋಹಾಲ್‌ಗೆ ಹಾಕಿದರೆ ಸೆಟೆದುಕೊಳ್ಳುತ್ತವೆ, ಆಮೇಲೆ ಕಾಲು ಬಿಡಿಸೋಕೆ ಹೋದರೆ ಮುರಿಯುತ್ತದೆ. ಡಿಎನ್‌ಎಗೆ ಬೇಕಾದ ನಾಲ್ಕೈದನ್ನು ಮಾತ್ರ ಬೇರೆ ಟ್ಯೂಬಿನಲ್ಲಿ 95 ಶೇಕಡಾ ಆಲ್ಕೋಹಾಲ್‌ನಲ್ಲಿಡಿ. ಚೀಟಿಯನ್ನು ಪೆನ್ಸಿಲ್ಲಿನಲ್ಲಿ ಬರೆದು ಟ್ಯೂಬಿನ ಒಳಗೇ ಹಾಕಿ, ಪೆನ್ನಿನ ಇಂಕು ಕರಗಿಹೋಗುತ್ತದೆ.

ಇನ್ನು ಸ್ಲೈಡು. ಎಲ್ಲಾ ನಿಂತಿರುವುದು ಇದರ ಮೇಲೆ. ಹುಳದ ಹೊಟ್ಟೆಗೆ ಸಣ್ಣ ಸೂಜಿಯಿಂದ ಚುಚ್ಚಿ, 5 ಶೇಕಡಾ ಕಾಸ್ಟಿಕ್ ಸೋಡಾ ದ್ರಾವಣದಲ್ಲಿಟ್ಟು, ಒಳಗಿನದ್ದೆಲ್ಲಾ ಮೆಲ್ಲಗೆ ಒತ್ತಿ ಹೊರಗೆ ತೆಗೆಯಿರಿ. ಜಾಸ್ತಿ ಹೊತ್ತು ಬಿಟ್ಟರೆ ಬಣ್ಣವೇ ಹೋಗುತ್ತದೆ, ಅದಕ್ಕೇ ಒಂದೆರಡನ್ನು ಸೋಡಾ ಮುಟ್ಟಿಸದೆ ಹಾಗೇ ಉಳಿಸಿಕೊಳ್ಳಿ. ತೊಳೆದ ಮೇಲೆ 60, 70, 80, 95 ಶೇಕಡಾ ಆಲ್ಕೋಹಾಲ್ ಅಂತ ಒಂದೊಂದೇ ಮೆಟ್ಟಿಲು ಹತ್ತಿಸಿ, ಕೊನೆಗೆ ನೀರೇ ಇಲ್ಲದ ಆಲ್ಕೋಹಾಲ್, ಆಮೇಲೆ ಲವಂಗದ ಎಣ್ಣೆ. ಅವಸರ ಮಾಡಿ ಒಂದು ಮೆಟ್ಟಿಲು ಹಾರಿಸಿದರೆ ನೀರು ಒಳಗೇ ಉಳಿದು ಸ್ಲೈಡು ಮಂಜಾಗುತ್ತದೆ. 13 ಮಿಲಿಮೀಟರ್ ಕವರ್‌ಸ್ಲಿಪ್ ಮೇಲೆ ಒಂದು ಹನಿ ಕೆನಡಾ ಬಾಲ್ಸಮ್ (ಪಾರದರ್ಶಕ ಮರದ ಅಂಟು) ಹಾಕಿ, ಹುಳವನ್ನು ಹೊಟ್ಟೆ ಮೇಲಾಗಿ ಮಲಗಿಸಿ, ಕಾಲು ರೆಕ್ಕೆ ಬಿಡಿಸಿ, ಮೀಸೆ (ಆಂಟೆನಾ) ನೆಟ್ಟಗೆ ಮಾಡಿ. ಮೇಲಿಂದ ಸ್ಲೈಡನ್ನು ಇಳಿಸಿ, ಅಂಟಿದ ಕೂಡಲೇ ತಿರುಗಿಸಿ. ಈಗ ಬೆನ್ನು ನಿಮ್ಮ ಕಡೆ. 35ರಿಂದ 40 ಡಿಗ್ರಿ ಬಿಸಿಯಲ್ಲಿ ವಾರಗಟ್ಟಲೆ ಒಣಗಬೇಕು, ಅಲ್ಲಿಯವರೆಗೆ ಮುಟ್ಟಬೇಡಿ.

ಮೈಕ್ರೋಸ್ಕೋಪಿನಲ್ಲಿ ಮೊದಲು ಬಾಲ ನೋಡಿ, ಥ್ರಿಪ್ಸ್‌ನ ಎರಡು ದೊಡ್ಡ ಗುಂಪುಗಳಲ್ಲಿ ಯಾವುದು ಅಂತ ಅದೇ ಹೇಳುತ್ತದೆ. ಕೊಳವೆಯ ಹಾಗಿದ್ದರೆ ಟ್ಯೂಬುಲಿಫೆರಾ, ಹೆಣ್ಣಿಗೆ ಗರಗಸದಂಥ ಮೊಟ್ಟೆ ಇಡುವ ಅಂಗ ಇದ್ದರೆ ಟೆರೆಬ್ರಾಂಷಿಯಾ. ಅಲ್ಲಿಂದ ಮುಂದೆ ಬರೀ ಕೂದಲಿನ ಲೆಕ್ಕ. ಮೀಸೆಯಲ್ಲಿ ಎಷ್ಟು ಗೆಣ್ಣು, 3 ಮತ್ತು 4ನೇ ಗೆಣ್ಣಿನ ಸಂವೇದನಾ ಶಂಕು ಒಂಟಿಯೋ ಕವಲೋ, ತಲೆಯ ಮೇಲಿನ ಮೂರು ಪುಟ್ಟ ಕಣ್ಣುಗಳ ಹತ್ತಿರದ ಕೂದಲಿನ ಜೋಡಿ ಎಲ್ಲಿದೆ, ರೆಕ್ಕೆಯ ನರದ ಮೇಲೆ ಕೂದಲು ಸಾಲಾಗಿದೆಯೋ ನಡುವೆ ಬಿಟ್ಟುಹೋಗಿದೆಯೋ. ಹೊಟ್ಟೆಯ 8ನೇ ಖಂಡದ ಬಾಚಣಿಗೆ ಸಾಲನ್ನು ಮರೆಯಬೇಡಿ. ಅದೇ ಖಂಡದ ಅಕ್ಕಪಕ್ಕದ ಪುಟ್ಟ ಸಾಲು ಉಸಿರಾಟದ ರಂಧ್ರದ ಹಿಂದಿದ್ದರೆ ಥ್ರಿಪ್ಸ್ ಅಂತಲೇ ಹೆಸರಿರುವ ಕುಲದ ಕಡೆ ಹೋಗಿ, ಮುಂದಿದ್ದರೆ ಫ್ರಾಂಕ್ಲಿನಿಯೆಲ್ಲಾ ಕುಲದ ಕಡೆ. ಇಷ್ಟು ಸಣ್ಣ ಸಾಲು ಕುಲವನ್ನೇ ಹೇಳಿಬಿಡುತ್ತದೆ, ನೋಡಿ!

ಬಣ್ಣ, ಗಾತ್ರ ನಂಬಬೇಡಿ. ಈರುಳ್ಳಿ ಥ್ರಿಪ್ಸ್ ಚಳಿಯಲ್ಲಿ ಬೆಳೆದರೆ ಕಪ್ಪಗೆ, ದೊಡ್ಡದು. ಬಿಸಿಲಲ್ಲಿ ಬೆಳೆದರೆ ತಿಳಿ ಹಳದಿ. ಟ್ಯೂಬುಲಿಫೆರಾದ ಗಂಡುಗಳಂತೂ ಇನ್ನೂ ಮೋಸಗಾರರು. ದಪ್ಪ ಮುಂಗಾಲಿನ ಗಂಡು ಒಂದು, ಸಣಕಲು ಮುಂಗಾಲಿನದು ಇನ್ನೊಂದು ಅಂತ ನಾನು ಎರಡು ಹೆಸರು ಯೋಚಿಸಿಟ್ಟಿದ್ದೆ. ಮುಂದಿನ ವಾರ ಅದೇ ಕೊಂಬೆ ಬಡಿದೆ. ನಡುವಿನ ಅಳತೆಯವು ಸಾಲಾಗಿ ಸಿಕ್ಕವು, ಎರಡೂ ಹೆಸರು ಅಲ್ಲಿಗೇ ಮುಗಿದವು.

ಹತ್ತಿರದ ಪ್ರಭೇದಗಳ ಮೂಲ ಬರಹವನ್ನೇ ಓದಿ. ಹಳೆಯವು ಎಷ್ಟೋ ಸಲ ನಾಲ್ಕೈದು ಸಾಲು ಇರುತ್ತವೆ, ಅದರಿಂದ ಏನೂ ಗೊತ್ತಾಗುವುದಿಲ್ಲ, ಆಗ ಆ ಹೆಸರಿಟ್ಟಾಗ ಆಧಾರವಾಗಿದ್ದ ಮೂಲ ಮಾದರಿ ಇರುವ ಮ್ಯೂಸಿಯಂಗೆ ಬರೆದು ಫೋಟೋ ಕೇಳಿ. ಡಿಎನ್‌ಎ ಬಾರ್‌ಕೋಡ್ (ಪ್ರಭೇದ ಗುರುತಿಸಲು ಓದುವ ಡಿಎನ್‌ಎ ತುಣುಕು) ಸಹಾಯಕ್ಕೆ ಬರುತ್ತದೆ, ಆದರೆ ಹುಳವನ್ನು ಜಜ್ಜಿ ಡಿಎನ್‌ಎ ತೆಗೆಯಬೇಡಿ. ಜಜ್ಜದೆ ತೆಗೆಯುವ ವಿಧಾನ ಇದೆ, ಉಳಿದ ಚರ್ಮವನ್ನೇ ಸ್ಲೈಡ್ ಮಾಡಬಹುದು.

ಬರೆಯುವಾಗ ಮೊದಲು ವ್ಯತ್ಯಾಸ ಹೇಳಿ: ಅತಿ ಹತ್ತಿರದ ಪ್ರಭೇದಕ್ಕೂ ಇದಕ್ಕೂ ಏನು ಬೇರೆ ಅಂತ ಮೂರ್ನಾಲ್ಕು ಸಾಲು. ಆಮೇಲೆ ತಲೆಯಿಂದ ಬಾಲದವರೆಗೆ ಹೆಣ್ಣಿನ ವಿವರ, ಮೈಕ್ರೋಮೀಟರ್‌ನಲ್ಲಿ ಅಳತೆ, ಗಂಡಿನದು ಬೇರೆ. ಸಿಕ್ಕ ಜಾಗ, ಅಕ್ಷಾಂಶ ರೇಖಾಂಶ, ದಿನಾಂಕ, ಗಿಡ ಎಲ್ಲಾ ಬರಲಿ. ಒಂದೇ ಒಂದು ಹುಳವನ್ನು ಹೋಲೋಟೈಪ್ (ಹೆಸರಿಗೆ ಆಧಾರವಾಗುವ ಮಾದರಿ) ಅಂತ ಆರಿಸಿ, ಉಳಿದವು ಪ್ಯಾರಾಟೈಪ್ (ಜೊತೆ ಮಾದರಿಗಳು). ಥ್ರಿಪ್ಸ್‌ನಲ್ಲಿ ಹೆಣ್ಣನ್ನು ಆರಿಸುವುದೇ ವಾಸಿ, ಯಾಕಂದರೆ ಕೀಲಿಗಳು ಹೆಚ್ಚಾಗಿ ಹೆಣ್ಣನ್ನೇ ನೋಡಿ ಬರೆದವು. ಅದನ್ನು ಯಾವ ಸಂಗ್ರಹದಲ್ಲಿ ಇಡುತ್ತೀರಿ ಅಂತಲೂ ಬರೆಯಲೇಬೇಕು, 2000ದಿಂದ ಇದು ಪ್ರಾಣಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ನಿಯಮ. ಆನ್‌ಲೈನ್‌ನಲ್ಲಿ ಮಾತ್ರ ಪ್ರಕಟವಾಗುವುದಾದರೆ ಝೂಬ್ಯಾಂಕ್ ಅನ್ನೋ ಪ್ರಾಣಿ ಹೆಸರುಗಳ ಅಧಿಕೃತ ಆನ್‌ಲೈನ್ ದಾಖಲೆಯಲ್ಲಿ ನೋಂದಾಯಿಸಿ, ಆ ಸಂಖ್ಯೆ ಬರಹದಲ್ಲೇ ಇರಲಿ.

ಹೆಸರಿನ ವಿಷಯದಲ್ಲಿ ಒಂದು ಸಣ್ಣ ಬಲೆ ಇದೆ. ಥ್ರಿಪ್ಸ್ ಅಂತ ಮುಗಿಯುವ ಕುಲದ ಹೆಸರು ಪುಲ್ಲಿಂಗ, ಹಾಗಾಗಿ ಲ್ಯಾಟಿನ್‌ನಲ್ಲಿ ಬಿಳಿ ಅನ್ನಬೇಕಾದರೆ ಆಲ್ಬಸ್, ಆಲ್ಬಾ ಅಲ್ಲ. ನಿಮ್ಮದೇ ಹೆಸರಿಡುವುದಕ್ಕೆ ನಿಯಮದ ಅಡ್ಡಿ ಇಲ್ಲ, ಆದರೆ ನೋಡಿದವರು ನಗುತ್ತಾರೆ. ಹೋಲೋಟೈಪ್ ಸ್ಲೈಡಿಗೆ ಕೆಂಪು ಲೇಬಲ್ ಅಂಟಿಸಿ, ಬಾಲ್ಸಮ್ ಪೂರ್ತಿ ಒಣಗುವವರೆಗೆ ಅಂಗಾತ ಇಡಿ. ನಿಲ್ಲಿಸಿಟ್ಟರೆ ಹುಳ ನಿಧಾನವಾಗಿ ಅಂಚಿಗೆ ಜಾರುತ್ತದೆ.